ಅರ್ಧ ಗ್ರಾಂ ಮೆಣಸು

ನಮ್ಮ ಭಾವ ಹೋಟೆಲಿಗೆ ಹೋಗುತ್ತಿದ್ದದ್ದು ಊಟಕ್ಕಲ್ಲ, ತಪಾಸಣೆಗೆ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಮೂವತ್ತು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದು, ತಕ್ಕಡಿ ಎತ್ತಿ ನೋಡಿ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ ಒತ್ತಿ, ಈಗ ಅವರ ಕಣ್ಣಿಗೆ ಇಡೀ ಜಗತ್ತೇ ಒಂದೆರಡು ಗ್ರಾಂ ಕಡಿಮೆಯಾಗಿ ಕಾಣುತ್ತದೆ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಠಿಕಾಣಿ ಹೂಡಿರುವ ನಾನು ಪ್ರತಿ ಭಾನುವಾರವೂ ಅವರ ಜೊತೆ ಹೋಟೆಲಿಗೆ ಹೋಗಿ, ಊಟದಲ್ಲೂ ಅವಮಾನದಲ್ಲೂ ಸಮಪಾಲು ಪಡೆಯುತ್ತಿದ್ದೆ.

ಆ ಭಾನುವಾರ ಸೂಪು ಬಂತು. ಭಾವ ಚಮಚ ಅದ್ದಿದರು, ಎತ್ತಿದರು, ಬೆಳಕಿಗೆ ಹಿಡಿದರು. ಆಮೇಲೆ ಯಜಮಾನರನ್ನು ಕರೆಸಿ, ನ್ಯಾಯಾಧೀಶರು ತೀರ್ಪು ಓದುವ ದನಿಯಲ್ಲಿ, "ಇದರಲ್ಲಿ ತರಕಾರಿ ಇದೆ ಅಂತ ನೀವು ಹೇಳ್ತೀರಿ. ನಾನು ನಂಬ್ತೀನಿ. ಆದರೆ ಬರೀ ನಂಬಿಕೇನ ಎಷ್ಟು ಅಂತ ಕುಡಿಯೋದು?" ಎಂದರು.

ಯಜಮಾನರು ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಸ್ವಾಮಿ, ನಾನು ದಿನಾ ಇನ್ನೂರು ಜನಕ್ಕೆ ಬೇಯಿಸ್ತೀನಿ. ನೀವು ನಾಲ್ಕು ಜನಕ್ಕೆ ಬೇಯಿಸಿ ನೋಡಿ. ಅವರು ಎದ್ದು ಓಡಾಡ್ತಿದ್ರೆ ಬನ್ನಿ, ಸೂಪಿನ ವಿಷಯ ಮಾತಾಡೋಣ."

ಭಾವ ಆವತ್ತೇ ಅಡುಗೆಮನೆಯನ್ನು ವಶಪಡಿಸಿಕೊಂಡರು.

ಮೊದಲು ಬಂದದ್ದು ತಾಮ್ರದ ತಳದ ಪಾತ್ರೆ. ಅದರ ಹಿಂದೆ ಅಂಟದ ತವೆ, ಗಾಜಿನ ಮುಚ್ಚಳದ ಕಡಾಯಿ, ಮಣ್ಣಿನ ಮಡಕೆ, ಹಿತ್ತಾಳೆಯ ಬೋಗುಣಿ, ಹಿಡಿ ಬಿಚ್ಚಿ ಮಡಚಬಹುದಾದ ಇನ್ನೊಂದು ಏನೋ. ಪ್ರತಿ ಪಾತ್ರೆಯ ಜೊತೆಗೂ ಒಂದು ಭಾಷಣ. ಅಕ್ಕ, "ಪಾತ್ರೆ ಆರಾಯ್ತು, ಪಾತ್ರಧಾರಿ ಮಾತ್ರ ಇನ್ನೂ ಡೈಲಾಗ್ ಕಲೀತಿದಾರೆ" ಎಂದಳು. ಭಾವ ಕೇಳಿಸಿಕೊಳ್ಳಲಿಲ್ಲ. ಕಚೇರಿಯ ಮಾದರಿಯದೇ ಒಂದು ಪುಟ್ಟ ತಕ್ಕಡಿಯನ್ನು ಒಲೆಯ ಪಕ್ಕ ಇಟ್ಟು, ಉಪ್ಪು ನಾಲ್ಕು ಗ್ರಾಂ, ಎಣ್ಣೆ ಹದಿನೆಂಟು ಗ್ರಾಂ ಎಂದು ತೂಗಿ ತೂಗಿ ಹಾಕತೊಡಗಿದರು. ಎಲ್ಲವೂ ನಿಖರವಾಗಿತ್ತು. ರುಚಿ ಒಂದು ಮಾತ್ರ ರಜೆಯಲ್ಲಿತ್ತು. ನಾವು ಮೂವರೂ ಊಟದ ಮೇಜಿನ ಸುತ್ತ ಶೋಕಸಭೆಯಂತೆ ಕೂತು ತಿನ್ನುತ್ತಿದ್ದೆವು.

ಹೀಗಿರುವಾಗ ಏಳನೆಯ ಪಾತ್ರೆ ಬಂತು.

ನಮ್ಮ ಬೀದಿಯ ತಿರುವಿನಲ್ಲಿ ಬೀಗ ರಿಪೇರಿ ಮಾಡುವವರ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಬೀದಿಗೆಲ್ಲ ಅವರು 'ಬೀಗದವರು'. ಊರಿನ ಬೀಗಗಳನ್ನೆಲ್ಲ ತೆರೆದು ತಮ್ಮ ಬಾಯಿಗೆ ಒಂದನ್ನು ಹಾಕಿಕೊಂಡ ಮನುಷ್ಯ. ಅವರ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವರು ಅವರ ಹೆಂಡತಿ, ಟೀಚರಮ್ಮ. ಶಾಲೆ ಮುಗಿಸಿ ಬಂದವರೇ ಡಬ್ಬಿಗಳನ್ನು ಹಿಡಿದು ಮನೆಮನೆಗೆ ಹೊರಡುವರು. ಯಾರಿಗೆ ಜ್ವರ, ಯಾರ ಮನೆಯಲ್ಲಿ ಮಗು, ಯಾರಿಗೆ ಕೆಲಸ ಹೋಗಿದೆ, ಅಲ್ಲಿಗೆಲ್ಲ ಒಂದೊಂದು ಡಬ್ಬಿ. ಹುರಿದ ಆಲೂಗಡ್ಡೆಯೋ ಮೊಟ್ಟೆಯೋ ಹುರುಳಿಕಾಯಿಯೋ, ಸಾಧಾರಣ ಪದಾರ್ಥವೇ. ತಿಂದವರು ಮಾತ್ರ, "ಟೀಚರಮ್ಮನ ಕೈರುಚಿ ಯಾರಿಗೂ ಬರಲ್ಲ" ಎಂದು ಬೆರಳು ಚೀಪುತ್ತಿದ್ದರು. ಮೂರು ತಿಂಗಳ ಹಿಂದೆ, ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದಾಗಲೇ, ಅವರು ತೀರಿಕೊಂಡರು.

ಬೀಗದವರು ಒಂದು ಮಧ್ಯಾಹ್ನ ಅಡುಗೆಯ ಒಂದಷ್ಟು ಸಾಮಾನು ತಂದು ಮನೆಯ ಮೆಟ್ಟಿಲ ಮೇಲೆ ಮಾರಲು ಜೋಡಿಸಿದರು. ಭಾವನ ಕಣ್ಣು ಬಿದ್ದದ್ದು ಒಂದು ಕಬ್ಬಿಣದ ಬಾಣಲೆಯ ಮೇಲೆ. ಕಪ್ಪಗೆ, ಭಾರವಾಗಿ, ಒಳಮೈ ರೇಷ್ಮೆಯಷ್ಟು ನುಣುಪು. "ಪಳಗಿದ ಬಾಣಲೆ ಕಣಯ್ಯಾ, ವರ್ಷಗಟ್ಟಲೆ ಎಣ್ಣೆ ಕುಡಿದಿದೆ" ಎಂದು ಭಾವ ನನ್ನ ಕಿವಿಯಲ್ಲಿ ಉಸುರಿದರು. ಬೆಲೆ ಕೇಳಿದರೆ ಬೀಗದವರು ಕೈಬೀಸಿ, ಎಷ್ಟಾದರೂ ಕೊಡಿ, ಆದರೆ ನೀವೇ ಎತ್ತಿಕೊಳ್ಳಿ ಎಂದರು. ಸುತ್ತಲು ಪೇಪರ್ ಕೇಳಿದರೆ ದೂರದಿಂದಲೇ ಎಸೆದರು. ಬಾಣಲೆ ಮಾರುವವರು ಅದರಿಂದ ಎರಡು ಮೆಟ್ಟಿಲು ಕೆಳಗೆ ನಿಂತು ವ್ಯಾಪಾರ ಮಾಡುವುದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಮರುದಿನ ಭಾವ ಅದರಲ್ಲಿ ಆಲೂಗಡ್ಡೆ ಈರುಳ್ಳಿ ಹುರಿದರು. ಬೇರೆ ಬಾಣಲೆಗಳು ಚಟಪಟ ಎನ್ನುತ್ತವೆ. ಇದು ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ಕಿಟಕಿ ತೆರೆದಿದ್ದರೂ ಹೊಗೆ ಹೊರಗೆ ಹೋಗದೆ ಒಲೆಯ ಎಡಗಡೆ, ಆಳೆತ್ತರದಲ್ಲಿ, ನಿಂತೇ ಇತ್ತು. ನಾನು ಅದನ್ನು ಕಂಡೂ ಕಾಣದವನಂತೆ ತಟ್ಟೆ ಜೋಡಿಸಿದೆ.

ಮೊದಲ ತುತ್ತು ಬಾಯಿಗಿಡುವ ಮುಂಚೆ ಮೇಲ್ಮನೆಯ ನರ್ಸಮ್ಮ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು. ದಿನಕ್ಕೆ ಹತ್ತು ಜನರ ರಕ್ತ ತೆಗೆಯುವ ಗಟ್ಟಿಗಿತ್ತಿ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ಟೀಚರಮ್ಮ ಬಂದಿದಾರಾ?" ಎಂದರು.

ಅಕ್ಕ ಒಂದು ತಟ್ಟೆಯಲ್ಲಿ ಹಾಕಿಕೊಟ್ಟಳು. ನರ್ಸಮ್ಮ ನಿಂತೇ ತಿಂದರು. ಎರಡನೆಯ ತುತ್ತಿಗೆ ಕಣ್ಣಲ್ಲಿ ನೀರು. ಅಷ್ಟು ಹೊತ್ತಿಗೆ ನಾವೂ ರುಚಿ ನೋಡಿದ್ದೆವು. ಅದೇ ಹದ, ಅದೇ ಕೆಂಪು, ಕೊನೆಯಲ್ಲಿ ನಾಲಿಗೆಯ ತುದಿಯನ್ನು ಚಿವುಟುವ ಅದೇ ಮೆಣಸಿನ ಖಾರ. ಮೂರು ತಿಂಗಳ ಹಿಂದೆ ನಿಂತುಹೋದ ರುಚಿ ನಮ್ಮ ಮೇಜಿನ ಮೇಲೆ ಬಿಸಿಬಿಸಿಯಾಗಿ ಕೂತಿತ್ತು.

ಭಾವನಿಗೆ ಇದೆಲ್ಲ ತಮ್ಮ ಪ್ರಶಂಸೆಯಾಗಿ ಕೇಳಿಸಿತು. "ಅತ್ತುಬಿಟ್ಟರು ನೋಡು. ಆ ಹೋಟೆಲಿನವನು ಯಾರನ್ನಾದರೂ ಹೀಗೆ ಅಳಿಸಿದಾನಾ?" ಎಂದು ಬೀಗಿದರು. ಆಮೇಲೆ ಇನ್ನೊಂದು ತುತ್ತು ತಿಂದು, ಹುಬ್ಬು ಗಂಟಿಕ್ಕಿ, ನಿಧಾನವಾಗಿ ತಿರುಗಿದರು. "ಮೆಣಸು ಹಾಕಿದವರು ಯಾರು? ನಾನು ಹಾಕಲೇ ಇಲ್ಲ."

ನನ್ನ ಮೇಲೆ ಅನುಮಾನ ಬಂತು. ಮನೆಯಲ್ಲಿ ಏನು ಕೆಟ್ಟರೂ ಮೊದಲು ನನ್ನನ್ನು ನೋಡುವುದು ವಾಡಿಕೆ. ನಾನು ಅಕ್ಕನ ಕಡೆ ನೋಡಿದೆ. "ನನ್ನ ಅಡುಗೆಮನೆಗೆ ನನ್ನನ್ನೇ ಬಿಡ್ತಿಲ್ಲ, ನಾನೆಲ್ಲಿಂದ ಹಾಕ್ಲಿ?" ಎಂದು ಅಕ್ಕ ತನ್ನ ಬಹುದಿನದ ದೂರನ್ನು ಅದರೊಳಗೆ ತುರುಕಿದಳು.

ಭಾವ ಇಲಾಖೆಯ ಮನುಷ್ಯ. ಬಾಯಿಮಾತು ನಂಬುವವರಲ್ಲ. ಮರುದಿನ ಕಾಳುಮೆಣಸಿನ ಪುಡಿಯ ಡಬ್ಬಿಯನ್ನು ಮುಂಚೆಯೇ ತೂಗಿ ಇಟ್ಟರು. ನನ್ನನ್ನು ಬಾಗಿಲಲ್ಲಿ, ಅಕ್ಕನನ್ನು ವರಾಂಡದಲ್ಲಿ ನಿಲ್ಲಿಸಿದರು. ತಾವೊಬ್ಬರೇ ಹುರಿದರು. ಹುರಿದು, ತಟ್ಟೆ ತೆಗೆದುಕೊಳ್ಳಲು ಗೋಡೆಯ ಕಡೆ ತಿರುಗಿ, ಮತ್ತೆ ಒಲೆಯ ಕಡೆ ತಿರುಗಿದರು. ಡಬ್ಬಿ ತೂಗಿದರೆ ಅರ್ಧ ಗ್ರಾಂ ಕಡಿಮೆ. ಮಾರನೆಯ ದಿನ ಮತ್ತೆ ಅರ್ಧ ಗ್ರಾಂ. ಕಚೇರಿಯಿಂದ ಮುದ್ರೆಯೊತ್ತಿದ ಅಸಲಿ ಬಟ್ಟುಗಳನ್ನು ತಂದು ತಕ್ಕಡಿಯನ್ನೇ ಪರೀಕ್ಷಿಸಿದರು. ತಕ್ಕಡಿ ನಿರಪರಾಧಿ. ಡಬ್ಬಿಯ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿದರು. ಅಂಟುಪಟ್ಟಿ ಹಾಗೇ ಇತ್ತು, ಮೆಣಸು ಅರ್ಧ ಗ್ರಾಂ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಈ ಹಂತದಲ್ಲಿ ಮನೆ ಬದಲಾಯಿಸುತ್ತಿದ್ದರು. ಭಾವ, "ಡಬ್ಬಿಗೆ ಸೋರಿಕೆ ಇದೆ" ಎಂದು ಷರಾ ಬರೆದು ಹೊಸ ಡಬ್ಬಿ ತಂದರು.

ವಾರದೊಳಗೆ ಇಡೀ ಬೀದಿ ನಮ್ಮ ಮನೆಯಲ್ಲಿತ್ತು. ನರ್ಸಮ್ಮ ಆಸ್ಪತ್ರೆಯಲ್ಲಿ ಹೇಳಿದ್ದರು, ಆಸ್ಪತ್ರೆ ಊರಿಗೆ ಹೇಳಿತ್ತು. ಒಬ್ಬೊಬ್ಬರೂ ಒಂದು ನೆಪ ಹಿಡಿದು ಬರುವರು, ಒಂದು ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುವರು, "ಟೀಚರಮ್ಮನದೇ" ಎಂದು ಪಿಸುಗುಟ್ಟಿ, ಭಾವನ ಕಡೆ ನೋಡದೆ ಬಾಣಲೆಗೆ ತಲೆಬಾಗಿ ಹೋಗುವರು. ಕೊನೆಗೆ ಹೋಟೆಲಿನ ಯಜಮಾನರೂ ಬಂದರು. ಭಾವ ಈ ಗಳಿಗೆಗಾಗಿ ಶರ್ಟು ಬದಲಾಯಿಸಿದ್ದರು. ಯಜಮಾನರು ಮೂರು ತುಂಡು ತಿಂದು ತಟ್ಟೆ ಕೆಳಗಿಟ್ಟು, ಹತ್ತು ವರ್ಷದಿಂದ ಆ ತಾಯಿಯನ್ನು ಇದರ ಗುಟ್ಟು ಕೇಳುತ್ತಿದ್ದೆ, ಬರೀ ನಗುತ್ತಿದ್ದರು, ಈಗ ನೋಡಿ ನಿಮ್ಮ ಮನೆಯಲ್ಲಿ ಬಂದು ಮಾಡುತ್ತಿದ್ದಾರೆ ಎಂದರು.

"ಮಾಡ್ತಿರೋದು ನಾನು," ಎಂದರು ಭಾವ.

"ಇರಬಹುದು ಸ್ವಾಮಿ. ಒಲೆ ಹಚ್ಚೋರು ಒಬ್ಬರು ಬೇಕಲ್ಲ," ಎಂದು ಯಜಮಾನರು ಎದ್ದರು.

ಆವತ್ತು ರಾತ್ರಿ ಭಾವ ಊಟ ಮಾಡಲಿಲ್ಲ. ಮಾಡಿದ ಅಡುಗೆಯ ಮೇಲೆ ಮಾಡಿದವನ ಹೆಸರೇ ಇಲ್ಲವೆಂದರೆ ಮುದ್ರೆಯಿಲ್ಲದ ಬಟ್ಟಿನ ಹಾಗೆ, ಚಲಾವಣೆಗೆ ಬಾರದು ಎಂದು ಕೊರಗಿದರು.

ಈ ಜಾತ್ರೆಯ ನಡುವೆ ದಿನಾ ಒಂದು ಗಂಟೆಗೆ ಸರಿಯಾಗಿ ಬೀಗದವರೂ ಬರತೊಡಗಿದ್ದರು. ಅಂಗಡಿಗೆ ಬೀಗ ಹಾಕಿ, ತಮ್ಮದೇ ತಟ್ಟೆ ಹಿಡಿದು, ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂರುವರು. ಮೂರು ತಿಂಗಳಲ್ಲಿ ಅರ್ಧಕ್ಕರ್ಧ ಕರಗಿದ್ದರು. ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಿತ್ತು. ಹೆಂಡತಿಯ ಕೈರುಚಿಗಾಗಿ ಬರುತ್ತಾರೆ ಪಾಪ ಎಂದು ಬೀದಿಯೆಲ್ಲ ಮರುಗಿತು. ಆದರೆ ನಾನು ಅವರ ಎದುರೇ ಕೂರುವವನು. ಅವರ ಕಣ್ಣು ತಟ್ಟೆಯ ಮೇಲಿರುತ್ತಿರಲಿಲ್ಲ. ಒಲೆಯ ಎಡಗಡೆಯ ಖಾಲಿ ಜಾಗವನ್ನು ನೋಡುತ್ತ ಉಣ್ಣುತ್ತಿದ್ದರು.

ಒಂದು ದಿನ ನನ್ನ ನಾಲಿಗೆ ತುರಿಸಿತು. ಬೀದಿಯಲ್ಲಿ ಯಾರ ದನಿ ಬೇಕಾದರೂ ತೆಗೆಯುತ್ತೇನೆಂಬ ಹೆಮ್ಮೆ ನನ್ನದು. ಟೀಚರಮ್ಮನ ದನಿ ನನ್ನ ಹಳೆಯ ಐಟಮ್ಮು. ಅವರನ್ನೊಂದಿಷ್ಟು ನಗಿಸೋಣವೆಂದು, ಮೂಗಿನಿಂದ ಎಳೆದು, "ಖಾರ ಸಾಕಾ?" ಎಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಬಂತು. ಎಷ್ಟು ಚೆನ್ನಾಗಿ ಎಂದರೆ, ಅದು ನನ್ನ ಬಾಯಿಂದ ಬಂತೋ ಒಲೆಯ ಕಡೆಯಿಂದಲೋ ಎಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. ಬಾಣಲೆಯ ಗುನುಗು ನಿಂತಿತು.

ಬೀಗದವರ ತುತ್ತು ಅರ್ಧದಲ್ಲೇ ಉಳಿಯಿತು. "ಅವಳು ಸಾಕಾ ಅಂತ ಕೇಳ್ತಿರಲಿಲ್ಲಪ್ಪ," ಎಂದರು. "ಕೇಳದೇ ಹಾಕ್ತಿದ್ಲು."

ಆಮೇಲೆ ನಾನು ಆ ಐಟಮ್ಮನ್ನು ಯಾವತ್ತೂ ಮಾಡಿಲ್ಲ.

ಇಷ್ಟರಲ್ಲಿ ಸರ್ಕಾರಕ್ಕೂ ವಾಸನೆ ಹೋಯಿತು. ಆರೋಗ್ಯ ಶಾಖೆಯ ಅಧಿಕಾರಿಯೊಬ್ಬರು ಚೀಲ, ಪೆನ್ನು, ಮೂಗಿಗೆ ಕರವಸ್ತ್ರ ಸಮೇತ ಬಂದು, ಈ ಮನೆಯಲ್ಲಿ ಮೃತರಿಂದ ಆಹಾರ ತಯಾರಾಗುತ್ತಿದೆ ಎಂದು ಅನಾಮಧೇಯ ದೂರು ಬಂದಿದೆ ಎಂದರು. ದೂರು ಕೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಅಕ್ಕ ಮಾತ್ರ ಆ ಹೊತ್ತಿಗೆ ಸರಿಯಾಗಿ ಕಾಫಿ ರೆಡಿ ಇಟ್ಟಿದ್ದಳು.

ಅಧಿಕಾರಿ ನಮೂನೆ ತೆರೆದರು. ಅವರ ಮಾತು ಸುತ್ತೋಲೆಯಂತೆ ಒಂದೇ ಉಸಿರಿನಲ್ಲಿ ಸಾಗುತ್ತಿತ್ತು. "ಅಡುಗೆ ತಯಾರಿಸುವವರ ಹೆಸರು?"

ಭಾವ ತಮ್ಮ ಹೆಸರು ಹೇಳಿದರು. ಕಿಟಕಿಯಲ್ಲಿ ನೇತಾಡುತ್ತಿದ್ದ ಬೀದಿ ಟೀಚರಮ್ಮನ ಹೆಸರು ಹೇಳಿತು. ಅಧಿಕಾರಿ ಪೆನ್ನೆತ್ತಿ ಯೋಚಿಸಿದರು. "ಮೃತರು ಅಡುಗೆ ಮಾಡಬಾರದು ಅಂತ ನಿಯಮ ಇಲ್ಲ. ಆದರೆ ಅಡುಗೆಯವರು ಆರು ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆ ಮಾಡಿಸ್ಕೋಬೇಕು ಅಂತ ಇದೆ. ಅವರು ಬರೋಕೆ ಆಗುತ್ತಾ?"

"ಅವರು ಮಾಡ್ತಿಲ್ಲ ಸ್ವಾಮಿ," ಎಂದರು ಭಾವ, ಕತ್ತಿನ ನರ ಉಬ್ಬಿಸಿ.

"ಹಾಗಾದರೆ ತಿಂದು ನೋಡ್ತೀನಿ, ಕರ್ತವ್ಯದ ಪ್ರಕಾರ." ತಿಂದರು. ಪೆನ್ನಿನ ಮುಚ್ಚಳ ಹಾಕಿದರು. ಸುತ್ತೋಲೆಯ ದನಿ ಮಾಯವಾಗಿ, ತೆಳ್ಳಗಿನ ಇನ್ನೊಂದು ದನಿ ಹೊರಬಂತು. "ಮೂರನೇ ಕ್ಲಾಸಲ್ಲಿ ನಾನು ಡಬ್ಬಿ ಮರೆತು ಬಂದಾಗೆಲ್ಲ ಅವರು ತಮ್ಮದರಲ್ಲಿ ಕೊಡ್ತಿದ್ರು." ಕರವಸ್ತ್ರಕ್ಕೆ ಅಂತೂ ಕೆಲಸ ಸಿಕ್ಕಿತು. 'ತಯಾರಿಸುವವರು' ಎಂಬ ಅಂಕಣವನ್ನು ಖಾಲಿ ಬಿಟ್ಟು, ಇದು ಇತ್ಯರ್ಥವಾಗುವವರೆಗೆ ಕಡತ ಮುಚ್ಚುವಂತಿಲ್ಲ ಎಂದರು.

ಭಾವ ಸಹನೆಯ ತುದಿಗೆ ಬಂದಿದ್ದರು. ಕಿಟಕಿಯ ಕಡೆ ತಿರುಗಿ ಘೋಷಿಸಿಯೇಬಿಟ್ಟರು. ಈ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಂಗಳದಲ್ಲಿ, ಎಲ್ಲರ ಎದುರು, ಬಾಣಲೆಯನ್ನು ಇಟ್ಟಿಗೆ ಪುಡಿ ಮತ್ತು ಉಪ್ಪುಕಾಗದ ಹಾಕಿ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜುವುದು. ಹಳೆಯ ಎಣ್ಣೆಯ ಒಂದು ಪದರವೂ ಉಳಿಯಬಾರದು. ಆಮೇಲೆ ಅದರಲ್ಲೇ ಅಡುಗೆ. ಅದೇ ರುಚಿ ಬಂದರೆ ಕೈರುಚಿ ಭಾವನದು. ಬಾರದಿದ್ದರೆ ಬೀದಿ ಹೇಳಿದ್ದು ನಿಜ. ಅಧಿಕಾರಿಯೇ ಸಾಕ್ಷಿ.

ಮೂಲೆಯಲ್ಲಿ ಸ್ಟೂಲು ಉರುಳಿದ ಸದ್ದಾಯಿತು. ಬೀಗದವರು ಎದ್ದು ಹೋಗಿದ್ದರು. ತಟ್ಟೆ ಅಲ್ಲೇ ಇತ್ತು, ಅನ್ನ ಮುಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರು ಹಿತ್ತಲ ಬಾಗಿಲಿಂದ ಬಂದರು. ಅಕ್ಕ ಹಾಲು ತರಲು ಹೋಗಿದ್ದಳು. ಭಾವ ಇಟ್ಟಿಗೆ ಪುಡಿಯನ್ನು ತೂಗುತ್ತಿದ್ದರು. ಬೀಗದವರು ಕೂರಲಿಲ್ಲ. ಬಾಗಿಲ ಚಿಲಕವನ್ನು ಸರಿಸುತ್ತ, ಬಿಡುತ್ತ, ಚಿಲಕಕ್ಕೇ ಹೇಳುವಂತೆ ಹೇಳಿದರು.

"ಅಡುಗೆ ಮಾಡ್ತಿದ್ದಿದ್ದು ನಾನು ಸಾರ್."

ಭಾವನ ಕೈಯಲ್ಲಿ ಚಮಚ ನಿಂತಿತು.

"ಇಪ್ಪತ್ತೇಳು ವರ್ಷ. ಅವಳಿಗೆ ಹಾಲು ಕಾಯಿಸೋಕೂ ಬರ್ತಿರಲಿಲ್ಲ, ಉಕ್ಕಿಸಿಬಿಡೋಳು. ಮದುವೆಯಾದ ಹೊಸದರಲ್ಲಿ ಒಂದು ಡಬ್ಬಿ ಪಕ್ಕದ ಮನೆಗೆ ಕೊಟ್ಟು ಬಂದ್ಲು. ನಿಮ್ಮ ಕೈರುಚಿ ಎಷ್ಟು ಚೆನ್ನಾಗಿದೆ ಅಂದ್ರಂತೆ. ಅದನ್ನ ಬಂದು ಹೇಳುವಾಗ ಅವಳ ಮುಖ ನೋಡ್ಬೇಕಿತ್ತು ನೀವು. ಆ ಮುಖ ನೋಡಿದ ಮೇಲೆ ನಾನಂತ ಹೇಗೆ ಹೇಳ್ಲಿ?"

ನಾವಿಬ್ಬರೂ ಬಾಣಲೆಯ ಕಡೆ ನೋಡಿದೆವು. ಇಷ್ಟು ದಿನ ಇಡೀ ಬೀದಿ ಸತ್ತವರ ಕೈ ಎಂದು ತಲೆಬಾಗಿದ್ದು ಬದುಕಿರುವ ಮನುಷ್ಯನೊಬ್ಬನ ಕೈಗೆ. ಅವರು ದಿನಾ ನಮ್ಮ ಮೂಲೆಯಲ್ಲಿ ಕೂತು ತಮ್ಮದೇ ರುಚಿಯನ್ನು ಉಂಡು ಹೋಗುತ್ತಿದ್ದರು. ದೆವ್ವವೆಂದರೆ ಸತ್ತ ಮೇಲೆ ಆಗುವುದೆಂದು ತಿಳಿದಿದ್ದೆ. ಬದುಕಿರುವಾಗಲೇ ಇಷ್ಟು ಅಚ್ಚುಕಟ್ಟಾಗಿ ಆದವರನ್ನು ಕಂಡಿರಲಿಲ್ಲ.

ಭಾವನಿಗೆ ಸಮಾಧಾನವಾದಂತೆ ಕಂಡಿತು. ಲೆಕ್ಕಕ್ಕೆ ಸಿಗುವ ವಿಷಯ. ಪದರಗಳೆಲ್ಲ ಬೀಗದವರದು, ರುಚಿಯೂ ಅವರದು. ಆಮೇಲೆ ಅವರ ಮುಖ ಮತ್ತೆ ಗಂಟಿಕ್ಕಿತು. "ಹಾಗಾದರೆ ಆ ಮೆಣಸು?"

ಚಿಲಕದ ಸದ್ದು ನಿಂತಿತು.

"ಅದೊಂದು ಅವಳದ್ದು," ಎಂದರು ಬೀಗದವರು. "ನಾನು ಖಾರ ಹಾಕಲ್ಲ ಸಾರ್, ನನ್ನ ಹೊಟ್ಟೆಗೆ ಆಗಲ್ಲ. ನಾನು ಬೆನ್ನು ತಿರುಗಿಸೋದನ್ನೇ ಕಾಯ್ತಿದ್ದು ಒಂದು ಚಿಟಿಕೆ ಉದುರಿಸಿಬಿಡೋಳು. ಇಪ್ಪತ್ತೇಳು ವರ್ಷ ಇದಕ್ಕೇ ಜಗಳ. ಯಾಕೆ ಹಾಕ್ತೀಯೇ ಅಂದ್ರೆ, ನಾನೂ ಏನಾದ್ರೂ ಮಾಡಿದ ಹಾಗಾಯ್ತಲ್ಲ, ಅವರು ಹೊಗಳಿದಾಗ ಪೂರ್ತಿ ಸುಳ್ಳಾಗಲ್ಲ ಅನ್ನೋಳು."

ಅವರು ಒಂದು ಲೋಟ ನೀರು ಕೇಳಿ ಕುಡಿದರು. ಮಿಕ್ಕದ್ದನ್ನು ತಲೆ ತಗ್ಗಿಸಿ ಹೇಳಿದರು. ಹೆಂಡತಿ ಹೋದ ಮೇಲೆ ಹಲವು ದಿನ ಒಲೆ ಹಚ್ಚಿರಲಿಲ್ಲ. ಒಂದು ಮಧ್ಯಾಹ್ನ ತಮಗೊಬ್ಬರಿಗೇ ಎರಡು ಆಲೂಗಡ್ಡೆ ಹುರಿದರು. ಇನ್ನಾದರೂ ಖಾರವಿಲ್ಲದೆ ತಿನ್ನಬಹುದು ಎಂದುಕೊಂಡರು, ಹಾಗೆ ಅಂದುಕೊಂಡದ್ದಕ್ಕೆ ನಾಚಿದರು. ತಟ್ಟೆಗೆಂದು ತಿರುಗಿ ಬಂದು ಬಾಯಿಗಿಟ್ಟರೆ, ಖಾರ. ಡಬ್ಬಿಯ ಜಾಗ ಬದಲಿಸಿದರು. ಮರುದಿನವೂ ಖಾರ.

"ಹೆದರಿಬಿಟ್ಟೆ ಸಾರ್. ಸ್ವಂತ ಹೆಂಡ್ತಿಗೆ ಹೆದರಿ ಬಾಣಲೆ ಮಾರಿದೆ. ಮಾರಿದ ಮೇಲೆ ಮನೆ ಪೂರ್ತಿ ಸುಮ್ಮನಾಯ್ತು. ಅದು ಇನ್ನೂ ಹೆದರಿಕೆ. ಆಮೇಲೆ ನಿಮ್ಮ ಮನೇಲಿ ಖಾರ ಬೀಳ್ತಿದೆ ಅಂತ ಕೇಳಿದೆ. ಇಲ್ಲಿದಾಳೆ ಅಂತಾದ್ರೂ ಗೊತ್ತಾಯ್ತಲ್ಲ ಅಂತ ದಿನಾ ಬಂದು ಕೂತೆ." ತಲೆಯೆತ್ತಿದರು. "ಆ ಪದರ ಹೋದ್ರೆ ಅವಳೆಲ್ಲಿಗೆ ಹೋಗ್ಬೇಕು? ಉಜ್ಜಬೇಡಿ. ಇನ್ನೊಂದು, ನಾನು ಹೇಳಿದ್ದನ್ನ ಹೊರಗೆ ಹೇಳಬೇಡಿ. ಜನ ಅವಳನ್ನ ಏನಂದ್ಕೋತಾರೆ?"

ಭಾವ ಇಟ್ಟಿಗೆ ಪುಡಿಗೆ ಮತ್ತೆ ಚಮಚ ಹಾಕಿದರು. ಬೀಗದವರು ಬಂದ ದಾರಿಯಲ್ಲೇ ಹೋದರು.

ಹನ್ನೊಂದಕ್ಕೆ ಅಂಗಳ ತುಂಬಿತು. ಮುಂದಿನ ಸಾಲಿನಲ್ಲಿ ಅಧಿಕಾರಿ, ಮಡಿಲಲ್ಲಿ ಕಡತ. ನರ್ಸಮ್ಮ ರಜೆ ಹಾಕಿದ್ದರು. ಹೋಟೆಲಿನ ಯಜಮಾನರು ಮಧ್ಯಾಹ್ನದ ಊಟವನ್ನು ಇತರರಿಗೆ ಬಿಟ್ಟು ಬಂದಿದ್ದರು. ಗೇಟಿನ ಆಚೆ, ಒಳಗೂ ಬಾರದೆ ಹೊರಗೂ ಹೋಗದೆ, ಬೀಗದವರು. ನಡುವೆ ಬೆಂಚಿನ ಮೇಲೆ ಬಾಣಲೆ, ಅದರ ಪಕ್ಕ ಇಟ್ಟಿಗೆ ಪುಡಿ ಇನ್ನೂರು ಗ್ರಾಂ, ನಿಖರವಾಗಿ.

ಭಾವ ಅಂಗಿಯ ತೋಳು ಮಡಚಿ ಬಾಣಲೆಗೆ ಕೈಹಾಕಿದರು. ಹಾಕಿದವರೇ ಹಿಂದೆಗೆದರು. ಬೆಂಚಿಗೆ ಮರದ ನೆರಳಿತ್ತು, ಎರಡು ದಿನದಿಂದ ಯಾರೂ ಅದನ್ನು ಒಲೆಗೆ ಇಟ್ಟಿರಲಿಲ್ಲ. ನಾನೂ ಮುಟ್ಟಿ ನೋಡಿದೆ. ಆಗತಾನೆ ಇಳಿಸಿದ ಹಾಗೆ ಬೆಚ್ಚಗಿತ್ತು.

ಒಂದು ಮಾತು ಹೇಳಬೇಕು. ಮೂವತ್ತು ವರ್ಷದಲ್ಲಿ ನಮ್ಮ ಭಾವ ಒಂದೇ ಒಂದು ಸುಳ್ಳು ಬಟ್ಟಿಗೆ ಮುದ್ರೆ ಒತ್ತಿಲ್ಲ. ಸ್ವಂತ ಚಿಕ್ಕಪ್ಪನ ಅಂಗಡಿಯ ತಕ್ಕಡಿಯನ್ನೇ ಜಪ್ತಿ ಮಾಡಿದವರು. ಅವರಿಗೆ ಈಗ ಉಜ್ಜದಿದ್ದರೆ ಸೋಲು. ನಿಜ ಹೇಳಿದರೆ ಗೆಲುವಲ್ಲದಿದ್ದರೂ ತೂಕ ಸರಿಯಾಗುತ್ತದೆ. ಅವರು ಗೇಟಿನ ಕಡೆ ನೋಡಿದರು. ಸರಳುಗಳನ್ನು ಹಿಡಿದಿದ್ದ ಬೀಗದವರ ಬೆರಳುಗಳು ಕಾಣುತ್ತಿದ್ದವು.

ಭಾವ ಗಂಟಲು ಸರಿಮಾಡಿಕೊಂಡರು.

"ಉಜ್ಜೋ ಅಗತ್ಯ ಇಲ್ಲ. ನಾನು ಎಲ್ಲಾ ಪರೀಕ್ಷೆ ಮಾಡಿದೀನಿ. ಕೈರುಚಿ ನನ್ನದಲ್ಲ. ಟೀಚರಮ್ಮನದು. ಪೂರ್ತಿ ಅವರದ್ದೇ." ಆ 'ಪೂರ್ತಿ' ಹೇಳುವಾಗ ಹಲ್ಲು ಕೀಳಿಸಿಕೊಂಡವರ ಮುಖವಾಗಿತ್ತು. ಅಧಿಕಾರಿಯತ್ತ ತಿರುಗಿ, "ಬರ್ಕೊಳ್ಳಿ. ಸಹಿ ನಾನು ಹಾಕ್ತೀನಿ," ಎಂದರು.

ಬೀದಿ ನಿಟ್ಟುಸಿರಿಟ್ಟಿತು. ನಾವು ಆಗಲೇ ಹೇಳಿರಲಿಲ್ಲವೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹೋಟೆಲಿನ ಯಜಮಾನರು ಭಾವನ ಭುಜ ತಟ್ಟಿ, ಮುಂದಿನ ಭಾನುವಾರ ಬನ್ನಿ, ಸೂಪಿಗೆ ಇನ್ನೊಂದು ಕ್ಯಾರೆಟ್ ಹಾಕಿಸುತ್ತೇನೆ ಎಂದು ಉದಾರಿಯಾದರು. ಅಕ್ಕ ಗುಂಪು ಕರಗುವ ಮುಂಚೆಯೇ ಒಳಗೆ ಹೋಗಿ ಆ ಪುಟ್ಟ ತಕ್ಕಡಿಯನ್ನು ಅಟ್ಟಕ್ಕೇರಿಸಿದಳು. ಅಧಿಕಾರಿ ಅಂಕಣ ತುಂಬಿ, ಷರಾದ ಜಾಗದಲ್ಲಿ 'ಹಾಜರಿದ್ದಾರೆ' ಎಂದು ಬರೆದು, ಅದನ್ನು ಹೊಡೆದುಹಾಕಲೋ ಬೇಡವೋ ಎಂದು ಯೋಚಿಸುತ್ತ ಹೊರಟರು.

ಮಧ್ಯಾಹ್ನ ಭಾವ ಬಾಣಲೆಯನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡು ಬೀಗದವರ ಮನೆಗೆ ನಡೆದರು. ಹಿಂದೆ ನಾನು. ಬಾಗಿಲು ತೆರೆದವರು ಈ ಸಲ ದೂರ ಸರಿಯಲಿಲ್ಲ. ಎರಡೂ ಕೈಯಲ್ಲಿ ಇಸಕೊಂಡರು. ಊಟ ಮಾಡಿ ಹೋಗಿ ಎಂದರು.

ಅವರ ಅಡುಗೆಮನೆ ಚಿಕ್ಕದು. ಒಂದು ಗೋಡೆಗೆ ಒಲೆ, ಎದುರು ಗೋಡೆಯ ತುಂಬ ಮೊಳೆಗಳು, ಮೊಳೆಗಳಿಗೆ ಯಾರೂ ಮರಳಿ ಕೇಳದ ಬೀಗದ ಕೈಗಳು. ಅವರು ಆಲೂಗಡ್ಡೆ ಹೆಚ್ಚುವುದನ್ನು ಭಾವ ಬಾಯಿ ಬಿಟ್ಟು ನೋಡಿದರು. ಅಳತೆಯಿಲ್ಲ, ತೂಕವಿಲ್ಲ, ಆದರೂ ಒಂದು ಹೋಳು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ದಪ್ಪವಿಲ್ಲ. ಎಣ್ಣೆ ಬಿತ್ತು, ಈರುಳ್ಳಿ ಬಿತ್ತು. ಬಾಣಲೆ ಗುನುಗತೊಡಗಿತು, ನಮ್ಮ ಮನೆಯಲ್ಲಿ ಗುನುಗಿದ್ದಕ್ಕಿಂತ ಬಾಯಿಬಿಟ್ಟು.

ಹೋಳುಗಳು ಕೆಂಪಾದಾಗ ಬೀಗದವರು ಸೌಟನ್ನು ಕೆಳಗಿಟ್ಟರು. ಕೈ ಒರೆಸಿಕೊಂಡರು. ನಮ್ಮಿಬ್ಬರ ಮುಖ ನೋಡಿ, ಸ್ವಲ್ಪ ಸಂಕೋಚದಿಂದ, "ನೀವೂ ಒಂದು ನಿಮಿಷ ಆಕಡೆ ತಿರುಗಿದ್ರೆ..." ಎಂದರು.

ನಾವು ಮರ್ಯಾದಸ್ಥರು. ತಿರುಗಿದೆವು. ಮೂವರು ಬೆಳೆದ ಗಂಡಸರು, ಹಾಡುಹಗಲು, ಒಲೆಗೆ ಬೆನ್ನು ಹಾಕಿ, ಶಿಕ್ಷೆಗೆ ನಿಂತ ಹುಡುಗರಂತೆ ಗೋಡೆ ನೋಡುತ್ತ ಸಾಲಾಗಿ ನಿಂತೆವು. ಗಾಳಿಯಿರಲಿಲ್ಲ. ಮೊಳೆಗಳ ಮೇಲಿನ ಬೀಗದ ಕೈಗಳು ಒಂದೊಂದಾಗಿ, ಬಾಗಿಲ ಕಡೆಯಿಂದ ಒಲೆಯ ಕಡೆಗೆ, ಯಾರೋ ಪಕ್ಕದಲ್ಲಿ ಹಾದುಹೋದಾಗ ಅಲುಗುವಂತೆ ಅಲುಗಿದವು. ನನ್ನ ಕತ್ತಿನ ಹಿಂದೆ ಸೀಮೆಸುಣ್ಣದ ವಾಸನೆ ಬಂತು.

"ತಿರುಗಬಹುದಾ?" ಎಂದು ಭಾವ ತುಟಿಯಲ್ಲೇ ಕೇಳಿದರು.

"ತಾಳಿ ಸಾರ್," ಎಂದರು ಬೀಗದವರು.

ನಮ್ಮ ಬೆನ್ನ ಹಿಂದೆ ಒಂದು ಡಬ್ಬಿ ಸರಿದ ಸದ್ದು. ಇನ್ನೊಂದು ಡಬ್ಬಿ. ಮುಚ್ಚಳ ತೆರೆದು, ಅದಲ್ಲವೆಂದು ಮತ್ತೆ ಮುಚ್ಚಿದ ಸದ್ದು. ಬೀಗದವರು ಗೋಡೆಯಿಂದ ಕಣ್ಣು ತೆಗೆಯದೆ, ಗಂಡ ಹೆಂಡತಿಗೆ ದಿನದಲ್ಲಿ ಹತ್ತು ಸಲ ಹೇಳುವ ದನಿಯಲ್ಲಿ, ಸ್ವಲ್ಪ ಬೇಸರದಿಂದಲೇ ಹೇಳಿದರು.

"ಮೇಲಿನ ಗೂಡಲ್ಲಿ ನೋಡೇ. ಸಕ್ಕರೆ ಹಿಂದೆ."